ಕೊಂಡ ದಿನಕ್ಕೇ ವ್ಯವಹಾರ ಮುಗಿಸುವ ಕೈಗಡಿಯಾರ

ಜಪಾನಿನ ಕ್ಯಾಸಿಯೊ ಕಂಪನಿ 1989ರಲ್ಲಿ ಎಫ್-91ಡಬ್ಲ್ಯೂ ಎಂಬ ಡಿಜಿಟಲ್ ವಾಚನ್ನು ಮಾರುಕಟ್ಟೆಗೆ ಬಿಟ್ಟಿತು. ಕಪ್ಪು ಪ್ಲಾಸ್ಟಿಕ್ಕಿನ ಮೈ, ಅದೇ ಬಣ್ಣದ ಬೆಲ್ಟು, ಮುಖದ ಸುತ್ತ ತೆಳುವಾದ ನೀಲಿ ಗೆರೆ, ಪಕ್ಕದಲ್ಲಿ ಮೂರು ಗುಂಡಿ. ತೂಕ 21 ಗ್ರಾಂ. ಆ ವರ್ಷ ನಮ್ಮ ಮನೆಗಳಿಗೆ ಬಂದ ಟಿವಿ, ಟೇಪ್‌ರೆಕಾರ್ಡರ್, ಡಯಲ್ ತಿರುಗಿಸುವ ಫೋನು ಇವೆಲ್ಲ ಅಂಗಡಿಗಳಿಂದ ಮರೆಯಾಗಿ ಎಷ್ಟೋ ಕಾಲವಾಯಿತು. ಈ ವಾಚು ಮಾತ್ರ ಅಂದಿನ ಆಕಾರದಲ್ಲೇ, ಅಂದಿನ ಮೂರೇ ಗುಂಡಿಗಳೊಂದಿಗೆ ಇವತ್ತೂ ಹೊಸದಾಗಿ ತಯಾರಾಗಿ ಬರುತ್ತಿದೆ. ಒಂದೆರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕಟ್ಟಿಕೊಂಡವರನ್ನು ಅದರ ಬಗ್ಗೆ ಕೇಳಿ ನೋಡಿ, ಮಾತಿನಲ್ಲಿ ಅಕ್ಕರೆ ಇಣುಕುತ್ತದೆ. ನನಗೂ ಆ ಅಕ್ಕರೆ ಇದೆ. ಒಂದು ಅಗ್ಗದ ಪ್ಲಾಸ್ಟಿಕ್ ವಸ್ತುವಿನ ಮೇಲೆ ಇಷ್ಟು ಜನಕ್ಕೆ, ಇಷ್ಟು ಕಾಲ ಪ್ರೀತಿ ಉಳಿದಿರುವುದು ಏಕೆ?

ಸುಲಭಕ್ಕೆ ಹೊಳೆಯುವ ಉತ್ತರ ಎರಡು. ಒಂದು, ಹಳೆಯ ನೆನಪಿನ ಸೆಳೆತ. ಇನ್ನೊಂದು, ಕಡಿಮೆ ಬೆಲೆ. ಮೊದಲನೆಯದೇ ಕಾರಣವಾಗಿದ್ದರೆ 1989 ಕಳೆದು ಎಷ್ಟೋ ವರ್ಷಕ್ಕೆ ಹುಟ್ಟಿದ ಹುಡುಗ ಹುಡುಗಿಯರು ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಿರಲಿಲ್ಲ. ಅವರಿಗೆ ಆ ಕಾಲದ ನೆನಪೇ ಇಲ್ಲ. ಎರಡನೆಯದೇ ಕಾರಣವಾಗಿದ್ದರೆ ಫುಟ್‌ಪಾತಿನಲ್ಲಿ ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಡಿಜಿಟಲ್ ವಾಚುಗಳ ಮೇಲೂ ಅಷ್ಟೇ ಪ್ರೀತಿ ಹುಟ್ಟಬೇಕಿತ್ತು. ಅವು ಬರುತ್ತವೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಡುತ್ತವೆ, ಯಾರೂ ಅವನ್ನು ನೆನೆಯುವುದಿಲ್ಲ. ನನ್ನ ವಾದ ಬೇರೆ. ಈ ವಾಚನ್ನು ಕೊಂಡ ದಿನಕ್ಕೇ ಮಾರಿದವರಿಗೂ ಕೊಂಡವರಿಗೂ ನಡುವಿನ ವ್ಯವಹಾರ ಪೂರ್ತಿ ಮುಗಿಯುತ್ತದೆ. ಆಮೇಲೆ ಅದು ನಮ್ಮಿಂದ ಹೆಚ್ಚೇನೂ ಕೇಳುವುದಿಲ್ಲ, ಕೊಟ್ಟ ಮಾತನ್ನು ನಡುವೆ ಬದಲಿಸುವುದೂ ಇಲ್ಲ. ಅಂಥ ವಸ್ತುಗಳು ನಮ್ಮ ಬದುಕಿನಲ್ಲಿ ವಿರಳವಾಗುತ್ತಿವೆ. ಉಳಿದಿರುವವುಗಳ ಮೇಲೆ ನಮಗೆ ಪ್ರೀತಿ ಹೆಚ್ಚುತ್ತಿರುವುದು ಅದಕ್ಕೇ.

ಡಿಜಿಟಲ್ ವಾಚು ಹುಟ್ಟಿದ್ದು ಶ್ರೀಮಂತರಿಗಾಗಿ. 1972ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಕಂಪನಿ ಪಲ್ಸರ್ ಎಂಬ ಹೆಸರಿನಲ್ಲಿ ಮಾರಿದ ಮೊದಲ ಡಿಜಿಟಲ್ ವಾಚಿಗೆ 18 ಕ್ಯಾರಟ್ ಚಿನ್ನದ ಕವಚ, 2,100 ಡಾಲರ್ ಬೆಲೆ. ಅದರ ಕೆಂಪು ಅಂಕಿಗಳು ಎಲ್‌ಇಡಿ ದೀಪಗಳು. ಸದಾ ಉರಿಯುತ್ತಿದ್ದರೆ ಸೆಲ್ ಬೇಗ ಬರಿದಾಗುತ್ತದೆಂದು ಗುಂಡಿ ಒತ್ತಿದಾಗ ಮಾತ್ರ ಬೆಳಗುವಂತೆ ಮಾಡಿದ್ದರು. ಗಂಟೆ ನೋಡಬೇಕಾದರೆ ಇನ್ನೊಂದು ಕೈಯೂ ಬಿಡುವಾಗಿರಬೇಕಿತ್ತು. 1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 20 ಡಾಲರಿಗೆ, ಮರುವರ್ಷ 10 ಡಾಲರಿಗೆ ಎಲ್‌ಇಡಿ ವಾಚು ಕೊಟ್ಟಿತು. ಡಿಜಿಟಲ್ ವಾಚಿನ ದೊಡ್ಡಸ್ತಿಕೆ ಅಲ್ಲಿಗೆ ಮುಗಿಯಿತು. ಅದರ ಒಳ್ಳೆಯ ಕಾಲ ಶುರುವಾದದ್ದು ಆಗಲೇ ಎಂಬುದು ನನ್ನ ಅಭಿಪ್ರಾಯ. ತೋರಿಸಿಕೊಳ್ಳಲು ಬಾರದ ವಸ್ತುವಾದ ಮೇಲೆ, ಕೆಲಸಕ್ಕೆ ಬರುವ ವಸ್ತುವಾಗಿ ಬೆಳೆಯುವ ದಾರಿಯೊಂದೇ ಅದಕ್ಕೆ ಉಳಿದಿತ್ತು.

ಆ ದಾರಿ ತೆರೆದದ್ದು ಎಲ್‌ಸಿಡಿ ಪರದೆ. ಅದು ತಾನಾಗಿ ಬೆಳಕು ಸೂಸುವುದಿಲ್ಲ. ಮೇಲೆ ಬಿದ್ದ ಬೆಳಕು ಕೆಲವು ಕಡೆ ಹಿಂದಿರುಗದಂತೆ ತಡೆದು, ಆ ಕಪ್ಪುಗಳಿಂದ ಅಂಕಿ ಮೂಡಿಸುತ್ತದೆ. ಹಾಗಾಗಿ ಹಗಲು ಬಿಸಿಲು ಹೆಚ್ಚಿದಷ್ಟೂ ಅಂಕಿ ಸ್ಪಷ್ಟ. ಮೊಬೈಲಿನ ಪರದೆ ಸೋಲುವ ಜಾಗದಲ್ಲಿ ಇದು ಗೆಲ್ಲುತ್ತದೆ. ಒಳಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ತುಣುಕೊಂದಿದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಕೊನೆಗೆ ಸಿಗುವುದು ಒಂದು. ಆ ಒಂದೇ ಒಂದು ಸೆಕೆಂಡು. ಇಷ್ಟನ್ನು ನಡೆಸುವುದು ಸಿಆರ್2016 ಎಂಬ, 1.6 ಮಿಲಿಮೀಟರ್ ದಪ್ಪದ ಗುಂಡು ಸೆಲ್. ಅದರಲ್ಲಿರುವುದು ಸುಮಾರು 90 ಮಿಲಿಆಂಪಿಯರ್-ಗಂಟೆಯ ಶಕ್ತಿ, ನಮ್ಮ ಮೊಬೈಲಿನ ಬ್ಯಾಟರಿಯ ಐವತ್ತರಲ್ಲಿ ಒಂದು ಪಾಲೂ ಆಗದು. ಅಷ್ಟರಲ್ಲೇ ಈ ವಾಚು ಏಳು ವರ್ಷ ನಡೆಯುತ್ತದೆಂದು ಕಂಪನಿ ಹೇಳುತ್ತದೆ. ಲೆಕ್ಕ ಹಾಕಿದರೆ ಅದು ಸತತವಾಗಿ ಬಳಸುವ ವಿದ್ಯುತ್ತು ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದೂವರೆ ಭಾಗ. ನಾನು ಈ ಅಂಕಿಯನ್ನು ನೋಡಿದಾಗಲೆಲ್ಲ ಅದರ ಹಿಂದಿನ ಎಂಜಿನಿಯರರ ಮೇಲೆ ಗೌರವ ಮೂಡುತ್ತದೆ. ಮಿತವ್ಯಯವನ್ನು ಇಷ್ಟು ದೂರ ಕೊಂಡೊಯ್ದ ಯಂತ್ರ ನಿತ್ಯದ ಬಳಕೆಯಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಅದರ ಮುಖವನ್ನೂ ಸ್ವಲ್ಪ ನಿಧಾನವಾಗಿ ನೋಡಬೇಕು. ಇದನ್ನು ರೂಪಿಸಿದ ರ್ಯೂಸುಕೆ ಮೊರಿಯಾಯ್ ಅವರು ಕ್ಯಾಸಿಯೊಗಾಗಿ ಮಾಡಿದ ಮೊದಲ ವಾಚು ಇದೇ. ಎಡಗಡೆ ಮೇಲಿನ ಗುಂಡಿ ಒತ್ತಿದರೆ ಬೆಳಕು, ಕೆಳಗಿನದು ಒತ್ತಿದರೆ ಅಲಾರಂ, ಸ್ಟಾಪ್‌ವಾಚ್, ಸಮಯ ಹೊಂದಿಸುವುದು ಹೀಗೆ ಒಂದೊಂದಾಗಿ ಬರುತ್ತವೆ, ಬಲಗಡೆಯದು ಉಳಿದ ಕೆಲಸಕ್ಕೆ. ಯಾವ ಗುಂಡಿ ಏನು ಮಾಡುತ್ತದೆಂದು ಗಾಜಿನ ಪಕ್ಕದಲ್ಲೇ ಅಚ್ಚಾಗಿದೆ. ಪೆಟ್ಟಿಗೆಯೊಡನೆ ಬಂದ ಕಾಗದ ಕಳೆದುಹೋದರೂ ವಾಚು ಕೈಗೆ ಸಿಕ್ಕವರು ಐದು ನಿಮಿಷದಲ್ಲಿ ಕಲಿತುಬಿಡುತ್ತಾರೆ. ಹೊತ್ತು, ವಾರ, ತಾರೀಖು ಇವು ಯಾವ ಗುಂಡಿಯನ್ನೂ ಮುಟ್ಟದೆ ಸದಾ ಕಣ್ಣೆದುರು ಇರುತ್ತವೆ. ಗಂಟೆಗೊಮ್ಮೆ ಬೇಕೆಂದರೆ ಸಣ್ಣಗೆ ಸದ್ದು ಮಾಡುತ್ತದೆ. ಆ ಸದ್ದಿನ ರಹಸ್ಯ ಹಿಂಬದಿಯ ಉಕ್ಕಿನ ಮುಚ್ಚಳದಲ್ಲಿದೆ: ಮುಚ್ಚಳದ ಒಳಮೈಗೆ ತೆಳುವಾದ ಬಿಲ್ಲೆಯೊಂದನ್ನು ಅಂಟಿಸಿದ್ದಾರೆ, ಪುಟ್ಟ ಸ್ಪ್ರಿಂಗ್ ಒಂದು ಅದಕ್ಕೆ ವಿದ್ಯುತ್ತು ಮುಟ್ಟಿಸಿದಾಗ ಮುಚ್ಚಳವೇ ನಡುಗಿ ದನಿ ಹೊರಡಿಸುತ್ತದೆ. ಒಂದೇ ಭಾಗದಿಂದ ಎರಡು ಕೆಲಸ.

ಕೊರತೆಗಳು ಇಲ್ಲವೇ? ಇವೆ, ಅವನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಬೆಳಕು ತೀರ ಮಂದ. ಪರದೆಯ ಒಂದು ಬದಿಗೆ ಬಿದ್ದು ಇನ್ನೊಂದು ಬದಿಯನ್ನು ಕತ್ತಲಲ್ಲೇ ಬಿಡುತ್ತದೆ. ಇಸವಿಯ ಲೆಕ್ಕ ಅದಕ್ಕೆ ಇಲ್ಲವಾದ್ದರಿಂದ ಫೆಬ್ರವರಿಗೆ ಯಾವಾಗಲೂ 28 ದಿನ. ಅಧಿಕ ವರ್ಷ ಬಂದಾಗ ತಾರೀಖನ್ನು ನಾವೇ ಸರಿಮಾಡಬೇಕು. ತಿಂಗಳಿಗೆ ಮೂವತ್ತು ಸೆಕೆಂಡಿನ ತನಕ ಹಿಂದೆ ಮುಂದೆ ಆಗಬಹುದೆಂದು ಕಂಪನಿಯೇ ಬರೆದುಕೊಟ್ಟಿದೆ. ನಮ್ಮಲ್ಲಿ ಇದಕ್ಕೆ ಹಳೆಯ ಮದ್ದಿದೆ: ಆಕಾಶವಾಣಿಯಲ್ಲಿ ವಾರ್ತೆಗೆ ಮುಂಚೆ ಬರುವ ಸಮಯ ಸೂಚಕ ಸದ್ದು ಕೇಳುತ್ತಿದ್ದಂತೆ ಬಲಗಡೆಯ ಗುಂಡಿ ಒತ್ತಿ ಸೆಕೆಂಡನ್ನು ಸೊನ್ನೆಗೆ ತರುವುದು. ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ, ಆಗೊಮ್ಮೆ ಈಗೊಮ್ಮೆ ಒಂದು ಗುಂಡಿ, ಏಳು ವರ್ಷಕ್ಕೊಮ್ಮೆ ಒಂದು ಸೆಲ್. ಅದು ನಮ್ಮಿಂದ ಕೇಳುವುದು ಇಷ್ಟೇ. ಈ ಕೊರತೆಗಳೆಲ್ಲ ಮೊದಲ ದಿನವೇ ಗೊತ್ತಿರುವಂಥವು, ಆಮೇಲೆ ಹೊಸದಾಗಿ ಸೇರಿಕೊಳ್ಳುವಂಥವಲ್ಲ. ಗೊತ್ತಿರುವ ಕೊರತೆಯೊಂದಿಗೆ ಮನುಷ್ಯ ನೆಮ್ಮದಿಯಿಂದ ಬಾಳಬಲ್ಲ.

ಇನ್ನು ಗಟ್ಟಿತನದ ಮಾತು. ಗಟ್ಟಿ ಡಿಜಿಟಲ್ ವಾಚು ಎಂದರೆ ಜಗತ್ತಿಗೆ ಮೊದಲು ನೆನಪಾಗುವುದು ಇದೇ ಕಂಪನಿಯ ಜಿ-ಶಾಕ್. ಅದರ ಕತೆ ಶುರುವಾಗುವುದು ಕಿಕುವೊ ಇಬೆ ಎಂಬ ಎಂಜಿನಿಯರರಿಂದ. ತಂದೆ ಕೊಡಿಸಿದ್ದ ವಾಚು ಒಂದು ದಿನ ಅವರ ಕೈಯಿಂದ ಕಳಚಿ ನೆಲಕ್ಕೆ ಬಿದ್ದು ಚೂರಾಯಿತು. 1981ರಲ್ಲಿ ಅವರು ಕಂಪನಿಯ ಮುಂದಿಟ್ಟ ಪ್ರಸ್ತಾವದಲ್ಲಿದ್ದದ್ದು ಒಂದೇ ಸಾಲು: ಬಿದ್ದರೂ ಒಡೆಯದ ವಾಚು ಬೇಕು. ಗುರಿಗಳನ್ನು ಹತ್ತರ ಲೆಕ್ಕದಲ್ಲಿ ಇಟ್ಟುಕೊಂಡರು: ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಉಳಿಯಬೇಕು, ಹತ್ತು ಬಾರ್ ನೀರಿನ ಒತ್ತಡ ತಾಳಬೇಕು, ಸೆಲ್ ಹತ್ತು ವರ್ಷ ಬರಬೇಕು. ಹಮುರಾದಲ್ಲಿದ್ದ ಸಂಶೋಧನಾ ಕೇಂದ್ರದ ಮೂರನೆಯ ಮಹಡಿಯ ಶೌಚಾಲಯದ ಕಿಟಕಿಯಿಂದ ಮಾದರಿಗಳನ್ನು ಒಂದೊಂದಾಗಿ ಕೆಳಗೆ ಬಿಟ್ಟು ನೋಡಿದರು. ಸುಮಾರು ಇನ್ನೂರು ಮಾದರಿ ಹಾಗೆ ಬಿದ್ದವು. ಹೊರಗವಚವನ್ನು ಎಷ್ಟು ಗಟ್ಟಿ ಮಾಡಿದರೂ ಒಳಗಿನ ಒಂದಲ್ಲ ಒಂದು ಭಾಗ ಒಡೆಯುತ್ತಿತ್ತು. ಕೊನೆಗೆ ಉದ್ಯಾನವೊಂದರಲ್ಲಿ ಮಗುವೊಂದು ಚೆಂಡು ಪುಟಿಸುತ್ತಿದ್ದುದನ್ನು ನೋಡಿ ಅವರಿಗೆ ದಾರಿ ಹೊಳೆಯಿತು: ಚೆಂಡಿನ ನಡುವೆ ಇರುವ ವಸ್ತುವಿಗೆ ಏಟು ತಟ್ಟುವುದಿಲ್ಲ. ಗಡಿಯಾರದ ಯಂತ್ರವನ್ನು ಕವಚಕ್ಕೆ ಪೂರ್ತಿ ಅಂಟಿಸದೆ ಕೆಲವೇ ಬಿಂದುಗಳಲ್ಲಿ ತಾಗುವಂತೆ ತೇಲಿಸಿದರು. 1983ರ ಏಪ್ರಿಲ್‌ನಲ್ಲಿ ಮೊದಲ ಜಿ-ಶಾಕ್, ಡಿಡಬ್ಲ್ಯೂ-5000ಸಿ, ಹೊರಬಂತು. ತವರಿನಲ್ಲಿ ಅದು ಜನಪ್ರಿಯವಾಗಲು ತೊಂಬತ್ತರ ದಶಕದ ತನಕ ಕಾಯಬೇಕಾಯಿತು. 2017ರ ಹೊತ್ತಿಗೆ ಮಾರಾಟ 10 ಕೋಟಿ ಮುಟ್ಟಿತ್ತು.

ಇಬೆಯವರ ಆ ಹಟ ನನಗೆ ಬಲು ಇಷ್ಟ. ಆದರೆ ಎಫ್-91ಡಬ್ಲ್ಯೂನಲ್ಲಿ ಆ ಯಾವ ಏರ್ಪಾಡೂ ಇಲ್ಲ. ನೀರಿನ ವಿಷಯದಲ್ಲಿ ಅದು ಕೊಡುವ ಭರವಸೆಯೂ ದೊಡ್ಡದಲ್ಲ: ಕೈ ತೊಳೆಯುವಾಗ, ಮಳೆಯಲ್ಲಿ ನೆನೆದಾಗ ತೊಂದರೆಯಿಲ್ಲ, ಅಷ್ಟೇ. ಆದರೂ ಗಾರೆ ಕೆಲಸದವರ, ಲಾರಿ ಓಡಿಸುವವರ, ಮೈದಾನದಲ್ಲಿ ಓಡುವ ಮಕ್ಕಳ ಕೈಮೇಲೆ ಅದು ವರ್ಷಗಟ್ಟಲೆ ಬಾಳುತ್ತದೆ. ಕಾರಣ ಅದರ ಹಗುರ. ಮಾಳಿಗೆಯಿಂದ ಬಿದ್ದ ಇರುವೆ ಎದ್ದು ನಡೆಯುತ್ತದೆ, ಆನೆ ಏಳುವುದಿಲ್ಲ. 21 ಗ್ರಾಂ ತೂಕದ್ದು ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲಕ್ಕೆ ತಗಲುವಾಗ ಅದರಲ್ಲಿರುವ ಶಕ್ತಿ ಒಂದು ಜೌಲಿನ ಐದನೇ ಒಂದು ಭಾಗ. ಉಕ್ಕಿನ ಚೈನಿರುವ 150 ಗ್ರಾಂ ವಾಚಿಗೆ ಅದರ ಏಳು ಪಟ್ಟು. ಮೇಲಾಗಿ ಇದರೊಳಗೆ ತಿರುಗುವ ಚಕ್ರವಿಲ್ಲ, ಕೂದಲೆಳೆಯಷ್ಟು ಸಣ್ಣ ಅಚ್ಚಿನ ಮೇಲೆ ತೂಗುವ ಬ್ಯಾಲೆನ್ಸ್ ಇಲ್ಲ, ಬಾಗುವ ಮುಳ್ಳಿಲ್ಲ. ಜಿ-ಶಾಕ್ ಏಟನ್ನು ಎದುರಿಸಿ ಉಳಿಯಿತು; ಇದು ಏಟು ತಗಲುವಂಥದ್ದನ್ನೇ ಕಡಿಮೆ ಇಟ್ಟುಕೊಂಡು ಉಳಿಯಿತು. ಎರಡನೆಯದು ಹೆಚ್ಚು ಜನಕ್ಕೆ ಎಟಕುವ ಗಟ್ಟಿತನ, ನನಗೆ ಹೆಚ್ಚು ಪ್ರಿಯವಾದದ್ದೂ ಅದೇ.

ಕರ್ನಾಟಕದಲ್ಲಿ ವಾಚಿನ ಪ್ರೀತಿಯೆಂದರೆ ಎಚ್‌ಎಂಟಿಯನ್ನು ಬಿಟ್ಟು ಮಾತಾಡಲಾಗದು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆ, ನಂತರ ತುಮಕೂರಿನಲ್ಲಿ ಎದ್ದ ಇನ್ನೊಂದು, ಸಾವಿರಾರು ಮನೆಗಳಿಗೆ ಸಂಬಳ ಕೊಟ್ಟವು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ ಅಪ್ಪ ಕಟ್ಟಿದ, ಮದುವೆಯಲ್ಲಿ ಅಳಿಯನಿಗೆ ಮಾವ ಕೊಟ್ಟ ಎಚ್‌ಎಂಟಿ ವಾಚು ನಮ್ಮಲ್ಲಿ ಒಡವೆಯ ಜೊತೆ ಬೀರುವಿನಲ್ಲಿ ಇರುತ್ತಿತ್ತು. ಆ ಪ್ರೀತಿಯಲ್ಲಿ ನಾಡಿನ ಹೆಮ್ಮೆ, ಮನೆತನದ ನೆನಪು ಎರಡೂ ಸೇರಿವೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದಾಗ ಬಹಳ ಜನರಿಗೆ ಮನೆಯವರನ್ನೇ ಕಳೆದುಕೊಂಡಷ್ಟು ನೋವಾಯಿತು. ಡಿಜಿಟಲ್ ವಾಚು ಬಂದ ದಾರಿ ಬೇರೆ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಅದು ಬಂದದ್ದು ಗಲ್ಫಿನಿಂದ ರಜೆಗೆ ಊರಿಗೆ ಬರುವವರ ಸೂಟ್‌ಕೇಸಿನಲ್ಲಿ, ಸೆಂಟು, ಟಾರ್ಚು, ಸೀರೆಗಳ ನಡುವೆ. ಹಿರಿಯರಿಗೆ ಮುಳ್ಳಿನ ವಾಚು, ಮಕ್ಕಳಿಗೆ ಡಿಜಿಟಲ್. ಹಾಗೆ ನೋಡಿದರೆ ನಮ್ಮಲ್ಲಿ ಎಷ್ಟೋ ಮಕ್ಕಳು ಸ್ವಂತದ್ದೆಂದು ಹೊಂದಿದ ಮೊದಲ ಯಂತ್ರ ಅದು. ತಾವೇ ಅಲಾರಂ ಇಟ್ಟು ಬೆಳಗ್ಗೆ ಓದಲು ಎದ್ದರು, ತಾವೇ ಸ್ಟಾಪ್‌ವಾಚ್ ಒತ್ತಿ ಓಟದ ಹೊತ್ತು ಅಳೆದರು. ದೊಡ್ಡವರನ್ನು ಕೇಳದೆ ಬಳಸಬಹುದಾಗಿದ್ದ, ಬಿದ್ದರೆ ಬೈಸಿಕೊಳ್ಳಬೇಕಿಲ್ಲದ ಯಂತ್ರ. ಎಚ್‌ಎಂಟಿಯ ಮೇಲೆ ಇದ್ದದ್ದು ಗೌರವ, ಇದರ ಮೇಲೆ ಸಲಿಗೆ.

ಎಲ್ಲರ ಕೈಯಲ್ಲೂ ಇರುವ ವಸ್ತುವಾಗಿರುವುದು ಒಮ್ಮೆ ಈ ವಾಚಿನ ಪಾಲಿಗೆ, ಅದಕ್ಕಿಂತ ಹೆಚ್ಚಾಗಿ ಕಟ್ಟಿಕೊಂಡವರ ಪಾಲಿಗೆ, ಕಷ್ಟ ತಂದಿತು. ಅಲ್ ಕೈದಾ ಶಿಬಿರಗಳಲ್ಲಿ ಬಾಂಬಿಗೆ ಟೈಮರ್ ಜೋಡಿಸುವ ತರಬೇತಿಗೆ ಇದನ್ನು ಬಳಸುತ್ತಿದ್ದರೆಂಬ ಕಾರಣಕ್ಕೆ, ಗ್ವಾಂಟನಾಮೊ ಸೆರೆಮನೆಯಲ್ಲಿದ್ದ ಹಲವರ ವಿರುದ್ಧದ ಅಂಶಗಳಲ್ಲಿ ಎಫ್-91ಡಬ್ಲ್ಯೂ ಕಟ್ಟಿಕೊಂಡಿದ್ದರೆಂಬುದನ್ನೂ ಅಮೆರಿಕದ ಸೇನೆ ಸೇರಿಸಿತ್ತು. 2011ರಲ್ಲಿ ವಿಕಿಲೀಕ್ಸ್ ಹೊರಗಿಟ್ಟ ಕಡತಗಳಲ್ಲೂ ಈ ವಾಚಿನ ಹೆಸರು ಬರುತ್ತದೆ. ಸೆರೆಯಲ್ಲಿದ್ದವರೊಬ್ಬರು ವಿಚಾರಣೆಯಲ್ಲಿ, ಇದೇ ಸೆರೆಮನೆಯ ಮುಸ್ಲಿಂ ಧರ್ಮಗುರುಗಳ ಕೈಯಲ್ಲೂ ಇದೇ ವಾಚಿದೆಯಲ್ಲ ಎಂದು ಕೇಳಿದ್ದರು. ಆ ಪ್ರಶ್ನೆ ಸರಿಯಾದದ್ದು. ಲಕ್ಷಗಟ್ಟಲೆ ಜನ ಕಟ್ಟುವ ವಸ್ತುವಿನಿಂದ ಒಬ್ಬ ಮನುಷ್ಯನ ಮನಸ್ಸನ್ನು ಓದಲು ಬಾರದು, ಓದಹೊರಟರೆ ಅನ್ಯಾಯವಾಗುತ್ತದೆ. ಕಟ್ಟಿದವರ ಆಸ್ತಿ, ಅಂತಸ್ತು, ಜಾತಿ, ಊರು ಯಾವುದನ್ನೂ ಈ ವಾಚು ಹೇಳುವುದಿಲ್ಲ. ಮನುಷ್ಯರನ್ನು ಅವರ ಕೈಯಲ್ಲಿರುವುದರಿಂದ ಅಳೆಯುವ ಅಭ್ಯಾಸ ಎಲ್ಲ ಕಡೆಯೂ ಇರುವಾಗ, ಏನನ್ನೂ ಹೇಳದ ಗುಣ ಸಣ್ಣದಲ್ಲ.

ನನ್ನ ವಾದಕ್ಕೆ ಬರಬಹುದಾದ ಬಲವಾದ ಆಕ್ಷೇಪ ಒಂದಿದೆ. ಕೀ ಕೊಡುವ ವಾಚು ಕೆಟ್ಟರೆ ಊರಿನ ರಿಪೇರಿಯವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ನಡೆಸುತ್ತಾರೆ. ಐವತ್ತು ವರ್ಷದ ಎಚ್‌ಎಂಟಿ ಇವತ್ತೂ ಹಾಗೆ ಓಡುತ್ತಿದೆ. ಡಿಜಿಟಲ್ ವಾಚಿನ ಸರ್ಕ್ಯೂಟ್ ಸುಟ್ಟರೆ ಅದನ್ನು ಯಾರೂ ಸರಿಮಾಡಲಾರರು. ಬೆಲ್ಟು ಬೆವರು, ಬಿಸಿಲಿಗೆ ಕೆಲವೇ ವರ್ಷದಲ್ಲಿ ಸೀಳುತ್ತದೆ. ಮೊದಮೊದಲ ಜಿ-ಶಾಕ್‌ಗಳ ಹೊರಗವಚ ಗಾಳಿಯ ತೇವಕ್ಕೇ ಶಿಥಿಲವಾಗಿ ಉದುರುತ್ತಿರುವುದನ್ನು ಸಂಗ್ರಹಕಾರರು ನೋಡುತ್ತಿದ್ದಾರೆ. ಕೊನೆಗೆ ಇದೂ ಪ್ಲಾಸ್ಟಿಕ್ಕೇ, ಇ-ಕಸವೇ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ತಲೆಮಾರುಗಳಿಗೆ ಉಳಿಯುವ ವಸ್ತು ಬೇಕೆಂದರೆ ಕೀ ಕೊಡುವ ವಾಚೇ ಸರಿ. ಆದರೆ ಅಂಥ ವಾಚನ್ನು ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಶುಚಿ ಮಾಡಿಸಬೇಕು, ಆ ಕೈಕಸುಬಿನವರು ಈಗ ಪೇಟೆಗಳಲ್ಲೇ ಕಾಣಸಿಗುವುದು ಕಷ್ಟ. ಡಿಜಿಟಲ್ ವಾಚಿನಲ್ಲಿ ಮೊದಲು ಸವೆಯುವ ಎರಡು ಭಾಗ, ಸೆಲ್ ಮತ್ತು ಬೆಲ್ಟು, ಎರಡನ್ನೂ ಮನೆಯಲ್ಲೇ ಬದಲಿಸಬಹುದು. ಹಿಂಬದಿಯಲ್ಲಿ ನಾಲ್ಕು ಸಣ್ಣ ಸ್ಕ್ರೂ ಇವೆ. ಹವ್ಯಾಸಿ ಎಂಜಿನಿಯರುಗಳು ಇದೇ ಕವಚದೊಳಗೆ ಕೂರುವ ಹೊಸ ಸರ್ಕ್ಯೂಟ್ ಹಲಗೆಗಳನ್ನೂ ರೂಪಿಸಿದ್ದಾರೆ. ಒಳಗಿನದನ್ನು ಪೂರ್ತಿ ಬದಲಿಸುವ ಅವರೂ ಹಳೆಯ ಪರದೆಯನ್ನು, ಮೂರು ಗುಂಡಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ.

ಇದನ್ನು ಇವತ್ತಿನ ಸ್ಮಾರ್ಟ್‌ವಾಚಿನ ಪಕ್ಕ ಇಟ್ಟು ನೋಡದೆ ಮಾತು ಮುಗಿಯದು. ಸ್ಮಾರ್ಟ್‌ವಾಚು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಎದೆಬಡಿತ ಏರುಪೇರಾದದ್ದನ್ನು ಅದು ಗುರುತಿಸಬಲ್ಲದು. ಒಬ್ಬರೇ ಇರುವ ವಯಸ್ಸಾದವರು ಬಿದ್ದರೆ ಮಕ್ಕಳಿಗೆ ಸುದ್ದಿ ಮುಟ್ಟಿಸಬಲ್ಲದು. ಅಂಥ ಅಗತ್ಯವಿರುವವರು ಕಟ್ಟಲೇಬೇಕು. ಆದರೆ ಅದನ್ನು ಕೊಂಡಾಗ ವ್ಯವಹಾರ ಮುಗಿಯುವುದಿಲ್ಲ, ಶುರುವಾಗುತ್ತದೆ. ಆಗಾಗ ಚಾರ್ಜಿಗೆ ಹಾಕಬೇಕು, ಖಾತೆ ತೆರೆಯಬೇಕು, ಷರತ್ತುಗಳಿಗೆ ಒಪ್ಪಬೇಕು, ನಮ್ಮ ನಿದ್ದೆ, ನಡಿಗೆಗಳ ಲೆಕ್ಕವನ್ನು ದೂರದ ಯಾವುದೋ ಕಂಪ್ಯೂಟರಿಗೆ ಒಪ್ಪಿಸಬೇಕು. ಅದು ಎಷ್ಟು ಕಾಲ ಸರಿಯಾಗಿ ನಡೆಯಬೇಕೆಂಬುದನ್ನು ನಿರ್ಧರಿಸುವುದು ನಮ್ಮ ಬಳಕೆಯಲ್ಲ, ಕಂಪನಿಯ ಯೋಜನೆ. 2015ರಲ್ಲಿ ಆಪಲ್ ತನ್ನ ಮೊದಲ ವಾಚಿನ ಚಿನ್ನದ ಮಾದರಿಯನ್ನು 10,000 ಡಾಲರಿಗೂ ಮೇಲ್ಪಟ್ಟ ಬೆಲೆಗೆ ಮಾರಿತು. 2018ರಲ್ಲಿ ಬಂದ ಹೊಸ ಸಾಫ್ಟ್‌ವೇರು ಆ ತಲೆಮಾರಿನ ವಾಚುಗಳಿಗೆ ಸಿಗಲಿಲ್ಲ. ಚಿನ್ನ ಸವೆದಿರಲಿಲ್ಲ, ಗಾಜು ಒಡೆದಿರಲಿಲ್ಲ, ಮೂರೇ ವರ್ಷಕ್ಕೆ ಅದು ಹಿಂದೆ ಉಳಿಯಿತು. 2015ರಲ್ಲೇ ಕೊಂಡ ಎಫ್-91ಡಬ್ಲ್ಯೂನಲ್ಲಿ ಆಗ ಮೊದಲ ಸೆಲ್ಲೇ ಇನ್ನೂ ನಡೆಯುತ್ತಿತ್ತು.

ಯಾವ ವಾಚು ಹೆಚ್ಚು ಕೆಲಸ ಮಾಡುತ್ತದೆ ಎಂದು ಕೇಳಿದರೆ ಉತ್ತರ ಸ್ಮಾರ್ಟ್‌ವಾಚಿನ ಪರ. ಕೊಂಡದ್ದರ ಒಡೆತನ ಯಾವುದರಲ್ಲಿ ಪೂರ್ತಿ ನಮ್ಮದು ಎಂದು ಕೇಳಿದರೆ ಉತ್ತರ ಈ 21 ಗ್ರಾಂ ಪ್ಲಾಸ್ಟಿಕ್ಕಿನ ಪರ. ಎರಡನೆಯ ಪ್ರಶ್ನೆಯನ್ನು ನಾವು ವಾಚಿಗಷ್ಟೇ ಅಲ್ಲ, ಮನೆಗೆ ತರುವ ಫ್ರಿಜ್ಜು, ಕಾರು, ಟಿವಿ ಎಲ್ಲಕ್ಕೂ ಕೇಳುವ ಕಾಲ ಬಂದಿದೆ. ತಯಾರಕರೂ ಕೇಳಿಕೊಳ್ಳಲಿ: ಒಂದು ವಸ್ತು ಇನ್ನು ಸಾಕು ಎನ್ನುವಷ್ಟು ಸರಿಯಾದ ಮೇಲೆ ಅದನ್ನು ಹಾಗೇ ಬಿಡುವುದರಿಂದ ನಷ್ಟವಿಲ್ಲವೆಂಬುದಕ್ಕೆ ಮೂವತ್ತೈದು ವರ್ಷ ಮೀರಿದ ಮಾರಾಟವೇ ಸಾಕ್ಷಿ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಯಾವುದಾದರೂ ಡಬ್ಬಿಯಲ್ಲಿ ನಿಂತುಹೋದ ಹಳೆಯ ಡಿಜಿಟಲ್ ವಾಚಿದ್ದರೆ ಕೆಟ್ಟಿದೆ ಎಂದುಕೊಂಡು ಎಸೆಯಬೇಡಿ. ಹಿಂದಿನ ಸ್ಕ್ರೂಗಳನ್ನು ಬಿಚ್ಚಿ, ಸ್ಪ್ರಿಂಗ್ ಹಾರಿಹೋಗದಂತೆ ನೋಡಿಕೊಂಡು, ಹೊಸ ಸೆಲ್ ಹಾಕಿ. ಆಗಲೂ ಅಂಕಿ ಮೂಡದಿದ್ದರೆ ಒಳಗೆ ಎಸಿ ಎಂದು ಬರೆದ ಬಿಂದುವೊಂದು ಇರುತ್ತದೆ. ಲೋಹದ ಚಿಮುಟದಿಂದ ಅದನ್ನೂ ಸೆಲ್ಲಿನ ಮೇಲ್ಮೈಯನ್ನೂ ಒಂದೆರಡು ಸೆಕೆಂಡು ಒಟ್ಟಿಗೆ ಮುಟ್ಟಿಸಿ. ಬಹಳಷ್ಟು ವಾಚುಗಳು ಅಷ್ಟಕ್ಕೇ ಮತ್ತೆ ನಡೆಯುತ್ತವೆ. ಮಗುವಿಗೋ ಮೊಮ್ಮಗುವಿಗೋ ಕಟ್ಟಿ, ಬಳಸಲಿ.